ಜಾಜ್ ತಟ್ಟೆಗಳ ಪಾಠಶೋಧನೆ

ನಮ್ಮ ಮನೆಯಲ್ಲಿ ಭಾನುವಾರದ ಸಂಜೆ ನಾಲ್ಕೈದು ಜನ ಕೂಡಿ ಗ್ರಾಮಫೋನ್ ತಟ್ಟೆಗಳನ್ನು ಕೇಳುವ ಒಂದು ಪರಿಪಾಠವುಂಟು. ಸೇರುವವರಲ್ಲಿ ಒಬ್ಬರು ಬ್ಯಾಂಕಿನ ನೌಕರರು, ಬಿಡುವಿನಲ್ಲಿ ಕ್ಲಾರಿನೆಟ್ ನುಡಿಸತಕ್ಕವರು. ಇನ್ನೊಬ್ಬರು ಇಗರ್ಜಿಯಲ್ಲಿ ಆರ್ಗನ್ ನುಡಿಸುವ ವೃದ್ಧರು. ಅವರ ಕಿವಿ ಬಹು ಸೂಕ್ಷ್ಮ, ನಾಲಿಗೆ ಅದಕ್ಕಿಂತಲೂ ಹರಿತ. ಅಮೆರಿಕದ ಜಾಜ್ ಸಂಗೀತದಲ್ಲಿ ನಮಗೆಲ್ಲ ಒಲವು. ಯಾರಿಗೆ ಯಾವ ಮುದ್ರಿಕೆ ಮೆಚ್ಚು, ಏಕೆ ಮೆಚ್ಚು ಎಂಬ ಚರ್ಚೆಯಲ್ಲಿ ಕಾಫಿ ಆರಿಹೋಗುವುದು ವಾಡಿಕೆ.

ಒಂದು ದಿನ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಎಂಬ ಪ್ರಸಿದ್ಧ ತಟ್ಟೆಯ ಹಳೆಯ ಪ್ರತಿಯೊಂದನ್ನು ಹಾಕಿದ್ದೆವು. ಕ್ಲಾರಿನೆಟ್ ಗೆಳೆಯರು ಅದರೊಡನೆ ತಾವೂ ಮೆಲ್ಲಗೆ ನುಡಿಸಲು ಹೊರಟರು. ಶ್ರುತಿ ಕೂಡಲಿಲ್ಲ. ತಟ್ಟೆಯ ಸ್ವರ ಒಂದಿಷ್ಟು ಮೇಲಿತ್ತು. ಅವರು ಹೊರಕ್ಕೆ ಎಳೆದಿದ್ದ ನಳಿಕೆಯ ಕೀಲನ್ನು ಒಳಕ್ಕೆ ತಳ್ಳಿ, ವಾದ್ಯದ ಉದ್ದವನ್ನು ಕಡಮೆ ಮಾಡಿ, ಹೇಗೋ ಹೊಂದಿಸಿಕೊಂಡರು. ಆರ್ಗನ್ನಿನ ಹಿರಿಯರು ನನ್ನ ಕಡೆ ತಿರುಗಿ, “ಮೇಷ್ಟ್ರೇ, ನಿಮ್ಮ ಮಿಷನ್ನು ಓಡಿಹೋಗ್ತಾ ಇದೆ, ಸ್ವಲ್ಪ ಲಗಾಮು ಹಾಕಿ” ಎಂದರು. ನನಗೂ ಹಾಗೆಯೇ ತೋರಿತು. ಆದರೆ ತಟ್ಟೆಯನ್ನು ಮಗುಚಿ ಎರಡನೆಯ ಪಾರ್ಶ್ವವನ್ನು ಹಾಕಿದಾಗ ಮತ್ತೆ ಶ್ರುತಿ ಕೆಟ್ಟಿತು. ಈ ಸಲ ಕ್ಲಾರಿನೆಟ್ಟೇ ಮೇಲಾಗಿತ್ತು. ಕೀಲನ್ನು ಮೊದಲಿನಂತೆ ಹೊರಕ್ಕೆ ಎಳೆದ ಮೇಲೆ ಎರಡೂ ಕೂಡಿಕೊಂಡವು.

ವಾಚಕರು ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕು. ಯಂತ್ರವು ಅತಿವೇಗವಾಗಿ ತಿರುಗುತ್ತಿದ್ದರೆ ಎರಡು ಪಾರ್ಶ್ವಗಳೂ ಒಂದೇ ಪ್ರಮಾಣದಲ್ಲಿ ಮೇಲಾಗಬೇಕಿತ್ತು. ಒಂದು ಮೇಲಾಗಿ ಇನ್ನೊಂದು ಸರಿಯಾಗಿದ್ದರೆ ದೋಷವು ಯಂತ್ರದಲ್ಲಿಲ್ಲ, ತಟ್ಟೆಯಲ್ಲಿದೆ. ಆದರೂ ಹಿರಿಯರ ಸಂಶಯ ತೀರುವಂತಿರಲಿಲ್ಲವಾದುದರಿಂದ ಯಂತ್ರದ ವೇಗವನ್ನು ಅಳೆದೇ ತೋರಿಸಬೇಕಾಯಿತು. ಆ ಅಳತೆಯ ಉಪಾಯ ಬಹಳ ಸುಲಭ, ವೆಚ್ಚವೂ ಇಲ್ಲವೆನ್ನಬೇಕು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ತಟ್ಟೆ ತಿರುಗಿಸುವ ಯಂತ್ರವಿದ್ದರೆ ನೀವೂ ಮಾಡಿ ನೋಡಬಹುದು.

ನಮ್ಮ ಮನೆಗಳಿಗೆ ಬರುವ ವಿದ್ಯುತ್ ಪ್ರವಾಹವು ಸೆಕೆಂಡಿಗೆ 50 ಆವರ್ತಗಳನ್ನು ಮಾಡುತ್ತದೆ. ಒಂದೊಂದು ಆವರ್ತದಲ್ಲಿಯೂ ಪ್ರವಾಹವು ಎರಡು ಸಲ ಪರಮಾವಧಿಗೆ ಏರಿ ಎರಡು ಸಲ ಶೂನ್ಯಕ್ಕೆ ಇಳಿಯುವುದರಿಂದ, ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಬೆಳಕು ಸೆಕೆಂಡಿಗೆ 100 ಸಲ ಹೆಚ್ಚಿ ತಗ್ಗುತ್ತದೆ. ಕಣ್ಣಿಗೆ ಅದು ಗೊತ್ತಾಗದು. ದೀರ್ಘವಾದನದ ತಟ್ಟೆಯಾದರೋ ನಿಮಿಷಕ್ಕೆ 33⅓ ಸುತ್ತು, ಎಂದರೆ ಒಂದು ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಸರಿಯಾಗಿ 2 ಡಿಗ್ರಿಯಷ್ಟು ತಿರುಗುತ್ತದೆ. ಒಂದು ವೃತ್ತಾಕಾರದ ರಟ್ಟಿನ ಅಂಚಿನಲ್ಲಿ 2 ಡಿಗ್ರಿಗೊಂದರಂತೆ 180 ಕಪ್ಪು ಗೀಟುಗಳನ್ನು ಎಳೆದು ಅದನ್ನು ತಟ್ಟೆಯ ಮೇಲಿಡಿರಿ. ಬೆಳಕು ಒಮ್ಮೆ ಉಜ್ವಲವಾಗಿ ಮತ್ತೊಮ್ಮೆ ಉಜ್ವಲವಾಗುವಷ್ಟರಲ್ಲಿ ಪ್ರತಿಯೊಂದು ಗೀಟೂ ತನ್ನ ಮುಂದಿನ ಗೀಟಿನ ಸ್ಥಾನಕ್ಕೆ ಬಂದು ನಿಂತಿರುವುದರಿಂದ, ರಟ್ಟು ತಿರುಗುತ್ತಿದ್ದರೂ ಗೀಟುಗಳು ಕದಲದೆ ನಿಂತಂತೆ ಕಾಣುವುವು. ವೇಗ ಹೆಚ್ಚಾದರೆ ಅವು ತಿರುಗುವ ದಿಕ್ಕಿನಲ್ಲಿ ಮೆಲ್ಲಗೆ ಮುಂದೆ ಸರಿಯುತ್ತವೆ, ಕಡಮೆಯಾದರೆ ಹಿಂದೆ. ನೂರಕ್ಕೆ ಒಂದರಷ್ಟು ವೇಗ ಹೆಚ್ಚಾಗಿದ್ದರೆ ಗೀಟುಗಳ ಸಾಲು ಪೂರಾ ಒಂದು ಸುತ್ತು ಬರಲು 3 ನಿಮಿಷ ಹಿಡಿಯುತ್ತದೆ. ಇಷ್ಟು ಸಣ್ಣ ದೋಷವನ್ನು ಇಷ್ಟು ಸುಲಭವಾಗಿ ತೋರಿಸುವ ಉಪಕರಣಗಳು ಭೌತವಿಜ್ಞಾನದಲ್ಲಿ ಹೆಚ್ಚಾಗಿಲ್ಲ. (ಇಂದಿನ ಎಲ್‌ಇಡಿ ದೀಪಗಳಲ್ಲಿ ಅನೇಕವು ಹೀಗೆ ಮಿನುಗುವುದಿಲ್ಲ. ಅವುಗಳ ಬೆಳಕಿನಲ್ಲಿ ಗೀಟುಗಳು ಕಾಣದಿದ್ದರೆ ನನ್ನನ್ನು ಬಯ್ಯಬಾರದು.)

ನಮ್ಮ ಯಂತ್ರದ ಮೇಲೆ ಗೀಟುಗಳು ಕಂಬದಂತೆ ನಿಂತವು. ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿ ಸುಮ್ಮನಾದರು.

ದೋಷದ ಕಥೆಯನ್ನು ಈಗ ಹೇಳಬಹುದು. ‘ಕೈಂಡ್ ಆಫ್ ಬ್ಲೂ’ ನ್ಯೂಯಾರ್ಕ್ ನಗರದ 30ನೆಯ ಬೀದಿಯಲ್ಲಿ, ಹಿಂದೆ ಇಗರ್ಜಿಯಾಗಿದ್ದು ಆಮೇಲೆ ಕೊಲಂಬಿಯಾ ಕಂಪೆನಿಯ ಮುದ್ರಣಶಾಲೆಯಾದ ಕಟ್ಟಡದಲ್ಲಿ, 1959ರಲ್ಲಿ ಎರಡು ದಿನ ಮುದ್ರಿತವಾಯಿತು. ಮಾರ್ಚ್ 2ರಂದು ನುಡಿಸಿದ ಮೂರು ಕೃತಿಗಳು ಮೊದಲ ಪಾರ್ಶ್ವದಲ್ಲಿಯೂ ಏಪ್ರಿಲ್ 22ರಂದು ನುಡಿಸಿದ ಎರಡು ಕೃತಿಗಳು ಎರಡನೆಯ ಪಾರ್ಶ್ವದಲ್ಲಿಯೂ ಇವೆ. ತುತ್ತೂರಿಯಲ್ಲಿ ಡೇವಿಸ್, ಸ್ಯಾಕ್ಸೊಫೋನುಗಳಲ್ಲಿ ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿ, ಪಿಯಾನೋದಲ್ಲಿ ಬಿಲ್ ಎವನ್ಸ್ ಮತ್ತು ಒಂದು ಕೃತಿಗೆ ಮಾತ್ರ ವಿಂಟನ್ ಕೆಲಿ, ಬೇಸ್ ವಾದ್ಯದಲ್ಲಿ ಪಾಲ್ ಚೇಂಬರ್ಸ್, ಮದ್ದಳೆಗಳಲ್ಲಿ ಜಿಮ್ಮಿ ಕಾಬ್. ಮಾರ್ಚ್ 2ರಂದು ಪ್ರಧಾನ ಟೇಪ್ ಯಂತ್ರವು ಇರಬೇಕಾದುದಕ್ಕಿಂತ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಅದು ಆ ಹೊತ್ತಿಗೆ ಯಾರ ಗಮನಕ್ಕೂ ಬರಲಿಲ್ಲ.

ಯಂತ್ರ ನಿಧಾನವಾಗಿ ಓಡಿದರೆ ಶ್ರುತಿ ಇಳಿಯಬೇಕಲ್ಲ, ಏರಿದ್ದು ಹೇಗೆ ಎಂದು ಕೇಳುವವರುಂಟು. ನನ್ನ ವಿದ್ಯಾರ್ಥಿಗಳೂ ಇಲ್ಲಿ ಎಡವುತ್ತಾರೆ. ಉದಾಹರಣೆಗಾಗಿ, ಸೆಕೆಂಡಿಗೆ 15 ಅಂಗುಲ ಓಡಬೇಕಾದ ಟೇಪು 14.8 ಅಂಗುಲ ಮಾತ್ರ ಓಡಿತೆಂದು ಇಟ್ಟುಕೊಳ್ಳೋಣ. ಪಿಯಾನೋದ ಒಂದು ತಂತಿ ಸೆಕೆಂಡಿಗೆ 440 ಸಲ ಕಂಪಿಸಿದರೆ ಆ 440 ಅಲೆಗಳು 14.8 ಅಂಗುಲದೊಳಗೆ ಇಕ್ಕಟ್ಟಾಗಿ ಕುಳಿತುಕೊಳ್ಳುವುವು. ಆ ಟೇಪನ್ನು ಇನ್ನೊಂದು ದಿನ, ಸರಿಯಾಗಿ 15 ಅಂಗುಲ ಓಡುವ ಯಂತ್ರದಲ್ಲಿ ಹಾಕಿದರೆ ಒಂದು ಸೆಕೆಂಡಿನಲ್ಲಿ 440ಕ್ಕೆ ಬದಲಾಗಿ ಸುಮಾರು 446 ಅಲೆಗಳು ಹಾದುಹೋಗುತ್ತವೆ. ಸ್ವರ ಏರಿತು, ಅದರೊಡನೆ ನಡೆಯೂ ಚುರುಕಾಯಿತು. ಒಂಬತ್ತು ನಿಮಿಷದ ಕೃತಿ ಏಳು ಸೆಕೆಂಡು ಮೊದಲೇ ಮುಗಿಯಿತು.

ಈ ದೋಷ ತಟ್ಟೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉಳಿದುಬಂತು. ಅಷ್ಟು ಕಾಲ ಲಕ್ಷಾಂತರ ಜನ ಕೇಳಿಯೂ ಬಹುಪಾಲಿನವರಿಗೆ ತಿಳಿಯದೆ ಹೋದುದಕ್ಕೆ ಕಾರಣವಿದೆ. ವೇಗ ತಪ್ಪಿದಾಗ ಎಲ್ಲ ಕಂಪನಸಂಖ್ಯೆಗಳೂ ಒಂದೇ ಗುಣಕದಿಂದ ಗುಣಿತವಾಗುತ್ತವೆ. ಸ್ವರ ಸ್ವರಗಳ ನಡುವಿನ ಅನುಪಾತ ಚೂರೂ ಕದಲುವುದಿಲ್ಲ. ಷಡ್ಜ ಪಂಚಮಗಳ 2:3ರ ಸಂಬಂಧ ಎಷ್ಟು ಮೇಲೇರಿದರೂ 2:3 ಆಗಿಯೇ ಇರುತ್ತದೆ. ನಮ್ಮ ಕಿವಿ ಗುರುತಿಸುವುದು ಮುಖ್ಯವಾಗಿ ಈ ಅನುಪಾತಗಳನ್ನೇ ಹೊರತು ಕಂಪನಸಂಖ್ಯೆಯನ್ನಲ್ಲ. ಒಂದು ಸ್ವರವನ್ನು ಒಂಟಿಯಾಗಿ ಕೇಳಿ ಅದರ ನೆಲೆಯನ್ನು ಹೇಳಬಲ್ಲವರು ವಿರಳ. ಆದರೆ ವಾದ್ಯವನ್ನು ಕೈಯಲ್ಲಿ ಹಿಡಿದು ಜತೆಗೂಡಿ ನುಡಿಸುವವನಿಗೆ ಈ ಮರೆ ಇಲ್ಲ. 440 ಮತ್ತು 446 ಕಂಪನಗಳ ಎರಡು ಸ್ವರಗಳು ಒಟ್ಟಿಗೆ ಮೊಳಗಿದರೆ ಸೆಕೆಂಡಿಗೆ 6 ಸಲ ನಾದ ಉಬ್ಬಿ ತಗ್ಗುವ ‘ಮಿಡಿತ’ಗಳು ಹುಟ್ಟುತ್ತವೆ. ಅದು ಎಂಥ ಕಿವಿಯನ್ನೂ ಚುಚ್ಚುತ್ತದೆ. ಆ ತಟ್ಟೆಯೊಡನೆ ನುಡಿಸಿ ಅಭ್ಯಾಸ ಮಾಡುತ್ತಿದ್ದ ವಾದಕರು, ಮೊದಲ ಪಾರ್ಶ್ವಕ್ಕೆ ವಾದ್ಯವನ್ನು ಮೇಲೆತ್ತಿಕೊಳ್ಳಬೇಕೆಂದು ತಮ್ಮ ತಮ್ಮಲ್ಲಿ ಹೇಳಿಕೊಳ್ಳುತ್ತಿದ್ದುದುಂಟು.

1992ರಲ್ಲಿ ಹೊಸ ಆವೃತ್ತಿಯೊಂದಕ್ಕಾಗಿ ಕೊಲಂಬಿಯಾದ ಹಳೆಯ ಟೇಪುಗಳನ್ನು ಪರೀಕ್ಷಿಸಿದಾಗ ನಿಜ ಹೊರಬಿತ್ತು. ಮುದ್ರಣದ ದಿನ ಎರಡು ಯಂತ್ರಗಳು ಒಟ್ಟಿಗೆ ಓಡಿದ್ದವು. ಒಂದು ಪ್ರಧಾನ, ಇನ್ನೊಂದು ಅವಘಡಕ್ಕೆ ಇರಲಿ ಎಂದು ಇಟ್ಟದ್ದು. ಈ ಎರಡನೆಯದು ಸರಿಯಾದ ವೇಗದಲ್ಲಿಯೇ ಓಡಿತ್ತು. ಅದರ ಟೇಪಿನಿಂದ ಮೊದಲ ಪಾರ್ಶ್ವವನ್ನು ಮತ್ತೆ ತಯಾರಿಸಿದರು. ಅದಾದ ಮೇಲೆ ಹೊರಟ ಶುದ್ಧಪ್ರತಿಯನ್ನೂ ಹಳೆಯದನ್ನೂ ಒಂದೇ ಕ್ಷಣದಲ್ಲಿ ಶುರುಮಾಡಿದರೆ, ಹಳೆಯದು ಬರಬರುತ್ತ ಮುಂದೆ ಮುಂದೆ ಹೋಗುವುದನ್ನು ಯಾರಾದರೂ ಕೇಳಬಹುದು. ಅಂತರ ಅರ್ಧಸ್ವರಕ್ಕೂ ಕಡಮೆ. ಇದರಿಂದ ಏನು ಮಹಾ ಕೆಟ್ಟಿತು ಎಂದು ಕೇಳುವವರಿಗೆ ಉತ್ತರ ಹೇಳಬೇಕಾದರೆ ಜಾಜ್ ಎಂದರೇನೆಂಬುದನ್ನು ಸ್ವಲ್ಪ ಹೇಳಬೇಕು.

ಯೂರೋಪಿನ ಶಾಸ್ತ್ರೀಯ ಸಂಗೀತದಲ್ಲಿ ಕೃತಿಯೆಂಬುದು ಕಾಗದದ ಮೇಲೆ ಇದೆ. ಬೀಥೋವನ್ನನ ಒಂದು ಸಿಂಫೊನಿಯ ಎಲ್ಲ ತಟ್ಟೆಗಳೂ ನಾಶವಾದರೂ ಸಿಂಫೊನಿ ನಾಶವಾಗದು. ಅಮೆರಿಕದ ದಕ್ಷಿಣದಲ್ಲಿ, ಮುಖ್ಯವಾಗಿ ನ್ಯೂ ಆರ್ಲಿಯನ್ಸ್ ನಗರದಲ್ಲಿ, ನೀಗ್ರೋ ಜನಾಂಗದವರೆಂದು ಆಗ ಕರೆಯಲ್ಪಡುತ್ತಿದ್ದ ಕರಿಯ ಅಮೆರಿಕನ್ನರ ನಡುವೆ ಬೆಳೆದ ಜಾಜ್ ಸಂಗೀತ ಹಾಗಲ್ಲ. ಅದರ ಜೀವ ಇರುವುದು ವಾದಕನು ಆ ಕ್ಷಣದಲ್ಲಿ ಹೊಸದಾಗಿ ಕಟ್ಟುವ ಕಲ್ಪನೆಯಲ್ಲಿ. ನಮ್ಮ ಸಂಗೀತದ ಮನೋಧರ್ಮವನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಸಂಜೆ ಮುಗಿದರೆ ಆ ನಾದ ಮುಗಿಯಿತು. ತಟ್ಟೆಯಲ್ಲಿ ಸಿಕ್ಕಿದ್ದು ಮಾತ್ರ ಉಳಿಯಿತು. ಆದುದರಿಂದ ಜಾಜ್ ಪ್ರಿಯನಿಗೆ ತಟ್ಟೆಯೆಂಬುದು ಓಲೆಗರಿಯ ಸ್ಥಾನದಲ್ಲಿದೆ. ಪಂಪನ ಕಾವ್ಯದ ಒಂದು ಪ್ರತಿಯಲ್ಲಿ ಒಂದು ಪದವೂ ಇನ್ನೊಂದು ಪ್ರತಿಯಲ್ಲಿ ಇನ್ನೊಂದು ಪದವೂ ಇದ್ದರೆ ನಮ್ಮ ಪಂಡಿತರು ಸುಮ್ಮನೆ ಕೂಡುವುದಿಲ್ಲ, ಪಾಠಾಂತರಗಳನ್ನು ತೂಗಿ ನೋಡುತ್ತಾರೆ. ಅದೇ ಕೆಲಸವನ್ನು ಜಾಜ್ ಕೇಳುವವರು ಶ್ರುತಿಕವೆಯನ್ನೂ ಗಡಿಯಾರವನ್ನೂ ಹಿಡಿದು ಮಾಡುತ್ತಾರೆ.

ಹಿಂದಕ್ಕೆ ಹೋದಷ್ಟೂ ಈ ಕೆಲಸ ತೊಡಕಾಗುತ್ತದೆ. ಮೊಟ್ಟಮೊದಲ ಜಾಜ್ ತಟ್ಟೆ ಮುದ್ರಿತವಾದುದು ನ್ಯೂಯಾರ್ಕಿನಲ್ಲಿ, 1917ರ ಫೆಬ್ರವರಿ 26ರಂದು. ನುಡಿಸಿದವರು ಬಿಳಿಯರ ಒಂದು ತಂಡ. ಈ ಸಂಗೀತದ ನಿಜವಾದ ಒಡೆಯರಿಗೆ ಸರದಿ ಬಂದುದು ತಡವಾಗಿ. ಕಿಂಗ್ ಆಲಿವರನ ಕ್ರಿಯೋಲ್ ಜಾಜ್ ಬ್ಯಾಂಡ್, ಇಪ್ಪತ್ತೆರಡು ವರ್ಷದೊಳಗಿನ ಲೂಯಿ ಆರ್ಮ್‌ಸ್ಟ್ರಾಂಗನನ್ನು ಎರಡನೆಯ ಕಾರ್ನೆಟ್ ವಾದಕನನ್ನಾಗಿ ಇಟ್ಟುಕೊಂಡು, 1923ರ ಏಪ್ರಿಲಿನಲ್ಲಿ ಇಂಡಿಯಾನಾ ಸಂಸ್ಥಾನದ ರಿಚ್ಮಂಡ್ ಎಂಬ ಊರಿನಲ್ಲಿ ಜೆನೆಟ್ ಕಂಪೆನಿಗಾಗಿ ನುಡಿಸಿತು. ಮುದ್ರಣಶಾಲೆಯ ಪಕ್ಕದಲ್ಲಿಯೇ ರೈಲು ಹಾದಿ. ಗಾಡಿ ಬಂದಾಗ ಕೆಲಸ ನಿಲ್ಲಿಸಬೇಕಾಗಿತ್ತು.

ಆ ಕಾಲದಲ್ಲಿ ಮೈಕ್ರೊಫೋನು ಇರಲಿಲ್ಲ. ದೊಡ್ಡದೊಂದು ಕಹಳೆಯ ಬಾಯಿಯ ಮುಂದೆ ಎಲ್ಲರೂ ನಿಂತು ನುಡಿಸಬೇಕು. ಆ ಗಾಳಿಯ ಒತ್ತಡವೇ ಕಹಳೆಯ ತುದಿಯಲ್ಲಿರುವ ತೆಳುವಾದ ಪೊರೆಯನ್ನು ಅಲುಗಿಸಿ, ಪೊರೆಗೆ ಕಟ್ಟಿದ ಮೊನೆ ತಿರುಗುವ ಮೇಣದ ಮೇಲೆ ಗೆರೆ ಕೊರೆಯಬೇಕು. ಸದ್ದನ್ನು ವರ್ಧಿಸಲು ಬೇರೆ ಶಕ್ತಿಯಿಲ್ಲ. ದೊಡ್ಡ ಮದ್ದಳೆಯ ಒಂದು ಪೆಟ್ಟು ಬಿದ್ದರೆ ಮೊನೆ ಗೆರೆಬಿಟ್ಟು ಹಾರುತ್ತಿದ್ದುದರಿಂದ ಮದ್ದಳೆಗಾರನಿಗೆ ಮರದ ತುಂಡುಗಳನ್ನು ಬಡಿಯುವುದೇ ಗತಿ. ಆರ್ಮ್‌ಸ್ಟ್ರಾಂಗನ ಊದು ಎಷ್ಟು ಪ್ರಬಲವಾಗಿತ್ತೆಂದರೆ ಅವನನ್ನು ಉಳಿದವರಿಂದ ಬಹಳ ಹಿಂದಕ್ಕೆ ನಿಲ್ಲಿಸಿದರಂತೆ. ಆ ತಂಡದಲ್ಲಿ ಪಿಯಾನೋ ನುಡಿಸುತ್ತಿದ್ದು, ಮುಂದೆ ಅವನ ಪತ್ನಿಯೂ ಆದ ಲಿಲ್ ಹಾರ್ಡಿನ್ ಇದನ್ನು ನೆನೆದು ಹೇಳಿದ್ದಾಳೆ. ದೂರದಿಂದ ಬಂದ ಆ ಕಾರ್ನೆಟ್ಟಿನ ದನಿಯನ್ನು ತಟ್ಟೆಯ ಕರಕರ ಸದ್ದಿನ ನಡುವೆ ಹುಡುಕುವುದರಲ್ಲಿ ನಮ್ಮ ಎಷ್ಟೋ ಭಾನುವಾರಗಳು ಕಳೆದಿವೆ.

ಇನ್ನು ವೇಗದ ವಿಚಾರ. ಈ ತಟ್ಟೆಗಳನ್ನು ‘78ರ ತಟ್ಟೆ’ಗಳೆಂದು ಕರೆಯುತ್ತೇವೆ. ಆದರೆ 78 ಎಂಬುದು ಆ ಹೊತ್ತಿಗೆ ಕಟ್ಟಳೆಯಾಗಿರಲಿಲ್ಲ. ಮೇಣದ ತಟ್ಟೆಯನ್ನು ತಿರುಗಿಸುತ್ತಿದ್ದುದು ಸಾಮಾನ್ಯವಾಗಿ ಇಳಿಯುವ ಒಂದು ಭಾರ. ಹಳೆಯ ಗೋಡೆ ಗಡಿಯಾರದ ಗುಂಡಿನಂತೆ. ಒಂದೊಂದು ಕಂಪೆನಿಗೆ ಒಂದೊಂದು ರೂಢಿ. ಕೊಲಂಬಿಯಾದವರು 80 ಎಂದು ಹೇಳಿದರೆ ಇನ್ನೊಬ್ಬರು 76 ಎಂದಾರು. ವಿದ್ಯುತ್ ಮೋಟಾರುಗಳು ಬಂದ ಮೇಲೆ, ಅಮೆರಿಕದಲ್ಲಿ ನಿಮಿಷಕ್ಕೆ 3600 ಸುತ್ತುವ ಮೋಟಾರಿನ ವೇಗವನ್ನು ಹಲ್ಲುಚಕ್ರಗಳಿಂದ 46ರಲ್ಲಿ ಒಂದು ಪಾಲಿಗೆ ಇಳಿಸಿದಾಗ 78.26 ದೊರೆಯಿತು. 50 ಆವರ್ತಗಳ ವಿದ್ಯುತ್ತಿರುವ ದೇಶಗಳಲ್ಲಿ 77 ಗೀಟಿನ ರಟ್ಟು 77.92ಕ್ಕೆ ನಿಲ್ಲುತ್ತದೆ. ‘78’ ಎಂಬ ದುಂಡಾದ ಸಂಖ್ಯೆ ಹುಟ್ಟಿದುದು ಹೀಗೆ. ಅದಕ್ಕೆ ಸಂಗೀತದ ಕಾರಣ ಯಾವುದೂ ಇಲ್ಲ.

ಹಾಗಾದರೆ 1923ರ ತಟ್ಟೆಯೊಂದನ್ನು ಎಷ್ಟು ವೇಗದಲ್ಲಿ ತಿರುಗಿಸಬೇಕು? ಗೀಟಿನ ರಟ್ಟು ಇಂದಿನ ಯಂತ್ರದ ವೇಗವನ್ನು ಹೇಳಬಲ್ಲುದೇ ಹೊರತು ಅಂದಿನ ವೇಗವನ್ನು ಹೇಳಲಾರದು. ಇಲ್ಲಿ ನೆರವಿಗೆ ಬರುವುದು ಪಿಯಾನೋ. ನಮ್ಮ ಗಾಯಕರು ತಮ್ಮ ಕಂಠಕ್ಕೆ ಒಗ್ಗುವ ಆಧಾರಶ್ರುತಿಯನ್ನು ತಾವೇ ಆರಿಸಿಕೊಳ್ಳುತ್ತಾರೆ. ತಂಬೂರಿ ಅವರನ್ನು ಅನುಸರಿಸುತ್ತದೆ. ಆದುದರಿಂದ ಕರ್ನಾಟಕ ಸಂಗೀತದ ಹಳೆಯ ತಟ್ಟೆಯನ್ನು ಎಷ್ಟು ವೇಗವಾಗಿ ತಿರುಗಿಸಿದರೂ ‘ಇದು ತಪ್ಪು ಶ್ರುತಿ’ ಎಂದು ಖಂಡಿತವಾಗಿ ಹೇಳುವುದು ಕಷ್ಟ. ಕಂಠದ ಬಣ್ಣ ಕೆಟ್ಟಿತೆಂದು ಮಾತ್ರ ಹೇಳಬಹುದು. ಪಿಯಾನೋ ಹಾಗೆ ಬಾಗುವ ವಾದ್ಯವಲ್ಲ. ಅದರ ಇನ್ನೂರಕ್ಕೂ ಮೇಲ್ಪಟ್ಟ ತಂತಿಗಳನ್ನು ಒಂದು ಕಚೇರಿಗಾಗಿ ಮೇಲೆ ಕೆಳಗೆ ಮಾಡಲಾಗುವುದಿಲ್ಲ. 440 ಎಂಬ ಪ್ರಮಾಣವನ್ನು 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಸಮ್ಮೇಳನ ಅಂತರರಾಷ್ಟ್ರೀಯವಾಗಿ ಒಪ್ಪಿತಾದರೂ ಅಮೆರಿಕದಲ್ಲಿ ಅದಕ್ಕೆ ಮುಂಚೆಯೇ ಅದು ಬಳಕೆಯಲ್ಲಿತ್ತು. ಹೀಗೆ ತಟ್ಟೆಯ ಒಳಗೇ ಒಂದು ಅಳತೆಗೋಲು ಹುದುಗಿದೆ ಎಂದಾಯಿತು. (ಅಂದ ಹಾಗೆ, ಕಾಲೇಜಿನ ಪ್ರಯೋಗಶಾಲೆಯಿಂದ ಶ್ರುತಿಕವೆಯನ್ನು ತಂದು ಇದನ್ನು ಪರೀಕ್ಷಿಸಹೊರಡಬೇಡಿ. ಪ್ರಯೋಗಶಾಲೆಯ ಕವೆ ಸಾಮಾನ್ಯವಾಗಿ 256ರದು. ಸಂಗೀತಗಾರರ ಅದೇ ಸ್ವರ 261.6. ಈ ತಪ್ಪನ್ನು ನಾನೇ ಮಾಡಿ ಒಂದು ಸಂಜೆಯೆಲ್ಲ ಹಿರಿಯರಿಂದ ಅನ್ನಿಸಿಕೊಂಡಿದ್ದೇನೆ.)

ಪಿಯಾನೋ ಕೇಳಿಸದಿದ್ದರೆ ಇನ್ನೊಂದು ಯುಕ್ತಿಯುಂಟು. ಕಾರ್ನೆಟ್ ಮತ್ತು ಕ್ಲಾರಿನೆಟ್‌ಗಳು ಹೆಚ್ಚಾಗಿ ಬಿ-ಫ್ಲಾಟ್ ಎಂಬ ಸ್ವರವನ್ನು ಆಧಾರವಾಗಿ ಇಟ್ಟುಕೊಂಡು ಮಾಡಿದವು. ಬಿ-ಫ್ಲಾಟ್, ಎಫ್, ಇ-ಫ್ಲಾಟ್ ಮೇಳಗಳಲ್ಲಿ ಅವುಗಳ ಮೇಲೆ ಬೆರಳು ಸಲೀಸಾಗಿ ಓಡುತ್ತದೆ. ಅದಕ್ಕಿಂತ ಅರ್ಧಸ್ವರ ಮೇಲಿನ ಬಿ ಮೇಳದಲ್ಲಿ ನುಡಿಸುವುದು ಬೆರಳಿಗೆ ಶಿಕ್ಷೆ. 78ರ ವೇಗದಲ್ಲಿ ಒಂದು ತಟ್ಟೆ ಬಿ ಮೇಳದಲ್ಲಿ ಕೇಳಿಬಂದರೆ, ಅದು ಬಿ-ಫ್ಲಾಟಿನಲ್ಲಿ ನುಡಿಸಿದ್ದು, ಮುದ್ರಿಸುವ ಯಂತ್ರ ನಿಧಾನವಾಗಿತ್ತು ಎಂದು ಊಹಿಸಬಹುದು. ಒಂದು ಅರ್ಧಸ್ವರವೆಂದರೆ ಕಂಪನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 6. ಆದುದರಿಂದ ತಟ್ಟೆಯನ್ನು 73.6ಕ್ಕೆ ಇಳಿಸಿ ತಿರುಗಿಸಬೇಕು. ಇದು ಊಹೆಯೇ, ಸಿದ್ಧಾಂತವಲ್ಲ. ಶಿಕ್ಷೆಯನ್ನು ಬಯಸಿ ಸ್ವೀಕರಿಸುವ ವಾದಕರೂ ಇರುತ್ತಾರೆ.

1925ರಲ್ಲಿ ಮೈಕ್ರೊಫೋನೂ ವರ್ಧಕವೂ ಬಂದು ಕಹಳೆ ಮೂಲೆ ಸೇರಿತು. ಆರ್ಮ್‌ಸ್ಟ್ರಾಂಗನ ‘ಹಾಟ್ ಫೈವ್’ ತಂಡದ ತಟ್ಟೆಗಳು ಅದೇ ವರ್ಷದ ನವೆಂಬರಿನಲ್ಲಿ ಶಿಕಾಗೋ ನಗರದಲ್ಲಿ ಆರಂಭವಾದುವು. ಆ ತಂಡವು ಸಭೆಗಳಲ್ಲಿ ನುಡಿಸಿದ್ದೇ ಅಪರೂಪ. ತಟ್ಟೆಗಳಿಲ್ಲದಿದ್ದರೆ ಅದು ಇತ್ತೆಂಬುದೇ ಇಂದು ಯಾರಿಗೂ ತಿಳಿಯುತ್ತಿರಲಿಲ್ಲ. 1928ರ ಜೂನ್ 28ರಂದು ಮುದ್ರಿತವಾದ ‘ವೆಸ್ಟ್ ಎಂಡ್ ಬ್ಲೂಸ್’ ನನ್ನ ಲೆಕ್ಕದಲ್ಲಿ ಎಲ್ಲಕ್ಕೂ ಮೇಲು. ಆರಂಭದಲ್ಲಿ ತುತ್ತೂರಿಯೊಂದೇ, ತಾಳದ ಕಟ್ಟಿಲ್ಲದೆ, ನಮ್ಮ ಆಲಾಪನೆಯಂತೆ ಏರಿ ಇಳಿಯುವ ಆ ಕೆಲವು ಸೆಕೆಂಡುಗಳಿಗಾಗಿ ನಾನು ಉಳಿದ ತಟ್ಟೆಗಳಲ್ಲಿ ಹತ್ತನ್ನು ಕೊಟ್ಟೇನು. ಬ್ಯಾಂಕಿನ ಗೆಳೆಯರು ಇದನ್ನು ಒಪ್ಪುವುದಿಲ್ಲ. ಅವರಿಗೆ ಚಾರ್ಲಿ ಪಾರ್ಕರನೇ ಸರ್ವಸ್ವ.

ಮೂರು ನಿಮಿಷ ಮಾತ್ರ ಏಕೆ ಎಂಬುದಕ್ಕೂ ಲೆಕ್ಕವಿದೆ. ಹತ್ತು ಅಂಗುಲದ ತಟ್ಟೆಯಲ್ಲಿ ಗೆರೆಗಳು ಅಂಗುಲಕ್ಕೆ ಸುಮಾರು ನೂರರಂತೆ ಇರುತ್ತವೆ. ನಿಮಿಷಕ್ಕೆ 78ರಂತೆ ಮೂರು ನಿಮಿಷಕ್ಕೆ 234 ಸುತ್ತು, ಎಂದರೆ ಎರಡೂಕಾಲು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಅಗಲ ಅದಕ್ಕೇ ಬೇಕು. ಮಧ್ಯದ ಚೀಟಿಗೂ ಅಂಚಿಗೂ ಸ್ಥಳ ಬಿಟ್ಟರೆ ಉಳಿಯುವುದು ಅಷ್ಟೇ. ಒಳಗಿನ ಸುತ್ತುಗಳಿಗೆ ಬಂದಂತೆಲ್ಲ ಇನ್ನೊಂದು ತೊಂದರೆ. ಹೊರಸುತ್ತಿನಲ್ಲಿ ಗೆರೆಯು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 98 ಸೆಂಟಿಮೀಟರು ಓಡಿದರೆ ಒಳಸುತ್ತಿನಲ್ಲಿ ಅದರ ಅರ್ಧದಷ್ಟು ಮಾತ್ರ. ಸೆಕೆಂಡಿಗೆ 5000 ಕಂಪನಗಳ ಕೀಚುದನಿಯ ಒಂದು ಅಲೆಗೆ ಅಲ್ಲಿ ದೊರೆಯುವ ಜಾಗ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ಕಡಮೆ. ಅಷ್ಟು ಸಣ್ಣ ತಿರುವನ್ನು ಸವೆದ ಮುಳ್ಳು ಅನುಸರಿಸಲಾರದು. ಕೊನೆಯ ಅರ್ಧ ನಿಮಿಷದ ತುತ್ತೂರಿ ಮಂಕಾಗಿ ಕೇಳುವುದು ಇದರಿಂದಲೇ.

ವಿದ್ಯುತ್ ಮುದ್ರಣದ ತಟ್ಟೆಗಳಲ್ಲಿ ವೇಗವನ್ನು ಹೇಳುವ ಇನ್ನೊಬ್ಬ ಸಾಕ್ಷಿಯೂ ಕೆಲವೊಮ್ಮೆ ಸಿಕ್ಕುತ್ತಾನೆ. ವರ್ಧಕಗಳಿಂದ ನುಸುಳಿದ ವಿದ್ಯುತ್ತಿನ ಗುಂಯ್ ಎಂಬ ದನಿ ಸಂಗೀತದ ಅಡಿಯಲ್ಲಿ ಕೂತಿರುತ್ತದೆ. ಅಮೆರಿಕದಲ್ಲಿ ಅದು 60 ಅಥವಾ ಅದರ ಅಪವರ್ತ್ಯವಾದ 120 ಕಂಪನಗಳದು. ಇಂದಿನ ಉಪಕರಣಗಳಿಂದ ಅದನ್ನು ಅಳೆದು 120ಕ್ಕೆ ಬದಲು 123 ಬಂದರೆ ತಟ್ಟೆ ನೂರಕ್ಕೆ ಎರಡೂವರೆಯಷ್ಟು ವೇಗವಾಗಿ ತಿರುಗುತ್ತಿದೆ ಎಂದು ನಿರ್ಣಯ. ಯಾರಿಗೂ ಬೇಡವಾಗಿದ್ದ ಸದ್ದೇ ಕೊನೆಗೆ ಉಪಕಾರಕ್ಕೆ ಬಂತು.

ವೇಗವೊಂದೇ ಪಾಠಶೋಧನೆಯ ವಿಷಯವಲ್ಲ. ಒಂದೇ ಕ್ರಮಾಂಕದ, ಒಂದೇ ಹೆಸರಿನ ಎರಡು ತಟ್ಟೆಗಳನ್ನು ಇಬ್ಬರು ಗೆಳೆಯರು ಕೊಂಡು ಹೋಲಿಸಿದಾಗ, ಒಂದರಲ್ಲಿರುವ ಸ್ವರಸಂಚಾರ ಇನ್ನೊಂದರಲ್ಲಿ ಇಲ್ಲದೆ ಹೋದದ್ದುಂಟು. ಕಂಪೆನಿಯವರು ಒಂದೇ ಕೃತಿಯನ್ನು ಎರಡು ಮೂರು ಸಲ ನುಡಿಸಿ ಮುದ್ರಿಸಿ, ಕೆಲವು ಸಲ ಒಂದನ್ನೂ ಕೆಲವು ಸಲ ಇನ್ನೊಂದನ್ನೂ ಅಚ್ಚುಹಾಕುತ್ತಿದ್ದರು. ಗೆರೆಗಳು ಮುಗಿದ ಮೇಲೆ ಚೀಟಿಯ ಸುತ್ತ ಉಳಿಯುವ ಬರಿಯ ಜಾಗದಲ್ಲಿ ಅಚ್ಚಿನ ಸಂಖ್ಯೆಯನ್ನು ಸಣ್ಣದಾಗಿ ಕೊರೆದಿರುತ್ತದೆ. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದುವುದನ್ನು ಕಲಿತವರು ಈ ಗುಟ್ಟನ್ನು ಹೊರಗೆಡವಿದರು. ಯಾರು ಯಾವ ವಾದ್ಯ ನುಡಿಸಿದರೆಂಬುದನ್ನೂ ಅಂದಿನ ಚೀಟಿಗಳು ಹೇಳುತ್ತಿರಲಿಲ್ಲ. ಕೇಳುವವರು ಶೈಲಿಯನ್ನು ಹಿಡಿದು ಗುರುತಿಸಬೇಕಾಗಿತ್ತು, ವಾದಕರನ್ನು ಹುಡುಕಿ ಹೋಗಿ ಕೇಳಬೇಕಾಗಿತ್ತು. ಪ್ಯಾರಿಸ್ಸಿನಲ್ಲಿ 1932ರಲ್ಲಿ ಹುಟ್ಟಿದ ‘ಹಾಟ್ ಕ್ಲಬ್’ ಎಂಬ ಕೂಟದವನಾದ ಶಾರ್ಲ್ ದಲೋನೇ, ಹೀಗೆ ಕಲೆಹಾಕಿದ ವಿವರಗಳನ್ನೆಲ್ಲ 1936ರಲ್ಲಿ ‘ಹಾಟ್ ಡಿಸ್ಕೋಗ್ರಫಿ’ ಎಂಬ ಗ್ರಂಥವಾಗಿ ಪ್ರಕಟಿಸಿದನು. ವಿಶ್ವವಿದ್ಯಾನಿಲಯಗಳು ಜಾಜ್ ಕಡೆ ಕಣ್ಣೆತ್ತಿಯೂ ನೋಡದಿದ್ದ ಕಾಲದಲ್ಲಿ ಅದರ ಚರಿತ್ರೆಗೆ ತಳಹದಿ ಹಾಕಿದವರು ಈ ಹವ್ಯಾಸಿಗಳು.

ಬ್ಯಾಂಕಿನ ಗೆಳೆಯರು ಪಾರ್ಕರನನ್ನು ಎತ್ತಿಹಿಡಿಯುವಾಗ ಈ ಪಾಠಾಂತರಗಳನ್ನೇ ಮುಂದಿಡುತ್ತಾರೆ. 1945ರ ನವೆಂಬರ್ 26ರಂದು ಸವಾಯ್ ಕಂಪೆನಿಗಾಗಿ ಪಾರ್ಕರ್ ನುಡಿಸಿದ ಕೃತಿಗಳ ಮುರಿದುಹೋದ ಪ್ರಯತ್ನಗಳೂ ಮುಂದೆ ಪ್ರಕಟವಾದುವು. ‘ಕೋ-ಕೋ’ ಎಂಬುದರ ಮೊದಲ ಪ್ರಯತ್ನದಲ್ಲಿ ವಾದಕರು ‘ಚೆರೊಕೀ’ ಎಂಬ ಪ್ರಸಿದ್ಧ ಹಾಡಿನ ಪಲ್ಲವಿಗೆ ಹೊರಳುತ್ತಾರೆ. ಯಾರೋ ತಡೆಯುತ್ತಾರೆ. ಎರಡನೆಯ ಪ್ರಯತ್ನದಲ್ಲಿ ಆ ಪಲ್ಲವಿ ಇಲ್ಲ, ಅದರ ಸ್ವರಮೇಳಗಳ ಹಂದರ ಮಾತ್ರ ಇದೆ. ಕಟ್ಟಡ ಎದ್ದ ಮೇಲೆ ಸಾರುವೆಯನ್ನು ತೋರಿಸುವವರು ಅಪರೂಪ. ಇಲ್ಲಿ ಅದು ಕಾಣಸಿಗುತ್ತದೆ.

ತಟ್ಟೆಗಳನ್ನು ಹಂಚಿಕೊಂಡು ಕೇಳುವುದು ನಮಗೆ ವಿನೋದ. ಅದಕ್ಕಾಗಿ ಸೆರೆಮನೆಗೆ ಹೋದವರೂ ಇದ್ದಾರೆ. ಎರಡನೆಯ ಮಹಾಯುದ್ಧದ ತರುವಾಯ ಸೋವಿಯತ್ ದೇಶದಲ್ಲಿ ಅಮೆರಿಕದ ಜಾಜ್ ತಟ್ಟೆಗಳು ಅಂಗಡಿಯಲ್ಲಿ ಸಿಕ್ಕುವಂತಿರಲಿಲ್ಲ. ಲೆನಿನ್‌ಗ್ರಾಡ್ ನಗರದಲ್ಲಿ ಕೆಲವು ತರುಣರು ತಟ್ಟೆ ಕೊರೆಯುವ ಯಂತ್ರಗಳನ್ನು ತಾವೇ ತಯಾರಿಸಿಕೊಂಡರು. ಅವರಲ್ಲಿ ರುಸ್ಲಾನ್ ಬಗಸ್ಲೋವ್ಸ್ಕಿ ಎಂಬಾತ ಮುಖ್ಯನು. ಯಂತ್ರವಾಯಿತು, ಕೊರೆಯುವುದು ಯಾವುದರ ಮೇಲೆ? ಸಾಧಾರಣ ತಟ್ಟೆಗೆ ಬೇಕಾದ ಅರಗು ನಮ್ಮ ಛೋಟಾ ನಾಗಪುರದ ಕಾಡುಗಳ ಕೀಟದಿಂದ ಬರತಕ್ಕದ್ದು. ಯುದ್ಧಕಾಲದಲ್ಲಿ ಅಮೆರಿಕದಲ್ಲಿಯೇ ಅದಕ್ಕೆ ಅಭಾವವಾಗಿ, ಹಳೆಯ ತಟ್ಟೆಗಳನ್ನು ಪುಡಿಮಾಡಿ ಹೊಸವನ್ನು ಮಾಡುವಂತಾಗಿತ್ತು. ಲೆನಿನ್‌ಗ್ರಾಡಿನ ತರುಣರಿಗೆ ದೊರೆತದ್ದು ಆಸ್ಪತ್ರೆಗಳು ಎಸೆಯುತ್ತಿದ್ದ ಹಳೆಯ ಎಕ್ಸ್‌ರೇ ಫಿಲ್ಮುಗಳು. ಅವನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ, ನಡುವೆ ಸಿಗರೇಟಿನಿಂದ ಸುಟ್ಟು ತೂತು ಮಾಡಿ, ಮೂಲ ತಟ್ಟೆ ಒಂದು ಕಡೆ ತಿರುಗುತ್ತಿರುವಾಗ ಇನ್ನೊಂದು ಕಡೆ ಫಿಲ್ಮಿನ ಮೇಲೆ ಗೆರೆ ಕೊರೆಯುತ್ತಿದ್ದರು. ಒಂದೊಂದು ಪ್ರತಿಗೂ ಮೂರು ನಿಮಿಷ ಪೂರಾ ಕಾಯಬೇಕು. ಜನ ಅವನ್ನು ‘ಎಲುಬುಗಳು’ ಎಂದು ಕರೆದರು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು, ಯಾರದೋ ಮುರಿದ ಕೈ ಗೆರೆಗಳ ಹಿಂದೆ ಕಾಣುತ್ತಿತ್ತು.

ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ಇದು ಬಡ ಸಾಧನ. ಫಿಲ್ಮು ತೆಳು, ಗೆರೆಯನ್ನು ಆಳವಾಗಿ ಕೊರೆಯುವಂತಿಲ್ಲ. ಆಳವಿಲ್ಲದ ಗೆರೆಯಲ್ಲಿ ಸದ್ದು ಕ್ಷೀಣ, ಮೇಲ್ಮೈಯ ಕರಕರ ಅದರ ಮುಂದೆ ಪ್ರಬಲ. ಭಾರವಾದ ಉಕ್ಕಿನ ಮುಳ್ಳು ಕೆಲವು ಸಲ ಓಡಿದರೆ ಗೆರೆಯೇ ಅಳಿಸಿಹೋಗುತ್ತದೆ. ಎಂದರೆ ಕೊಂಡವನು ತನ್ನ ಪ್ರೀತಿಯ ಹಾಡನ್ನು ಎಷ್ಟು ಸಲ ಕೇಳುವುದು, ಯಾರ ಮುಂದೆ ಕೇಳುವುದು ಎಂದು ಲೆಕ್ಕವಿಟ್ಟು ಕೇಳಬೇಕು. ಜಾಜ್ ಮಾತ್ರವಲ್ಲದೆ ದೇಶಬಿಟ್ಟು ಹೋದ ರಷ್ಯನ್ ಗಾಯಕರ ಹಾಡುಗಳೂ ಹೀಗೆ ಕೈಯಿಂದ ಕೈಗೆ ದಾಟಿದವು. 1950ರಲ್ಲಿ ಬಗಸ್ಲೋವ್ಸ್ಕಿಯನ್ನೂ ಅವನ ಸಂಗಡಿಗರನ್ನೂ ಹಿಡಿದು ಸೆರೆಗೆ ಹಾಕಿದರು. ಬಿಡುಗಡೆಯಾದ ಮೇಲೆ ಅವನು ಮತ್ತೆ ಅದೇ ಕಸುಬಿಗೆ ಕೈಹಾಕಿದನು. 1960ರ ದಶಕದಲ್ಲಿ ಟೇಪ್ ಯಂತ್ರಗಳು ಹರಡುವವರೆಗೂ ಎಲುಬಿನ ತಟ್ಟೆಗಳು ನಡೆದುವು.

ನಮ್ಮ ಕೂಟದ ಒಂದು ವ್ಯಾಜ್ಯವನ್ನು ಹೇಳಿ ಮುಗಿಸುತ್ತೇನೆ. ಹಿರಿಯರ ಪೆಟ್ಟಿಗೆಯಲ್ಲಿ, ಚೀಟಿ ಅರ್ಧ ಹರಿದ, ಕಹಳೆಯ ಕಾಲದ ಅಮೆರಿಕನ್ ತಟ್ಟೆಯೊಂದಿದೆ. ಕಾರ್ನೆಟ್, ಕ್ಲಾರಿನೆಟ್, ಬ್ಯಾಂಜೊ ಕೇಳುತ್ತವೆ, ಪಿಯಾನೋ ಇಲ್ಲ. 78ರಲ್ಲಿ ತಿರುಗಿಸಿದರೆ ಅದು ಬಿ-ಫ್ಲಾಟಿಗೂ ಬಿಗೂ ಸರಿಯಾಗಿ ನಡುವೆ ನಿಲ್ಲುತ್ತದೆ. ಬೆರಳಿನ ಸಲೀಸನ್ನು ಮುಂದಿಟ್ಟು ಬ್ಯಾಂಕಿನ ಗೆಳೆಯರು ಅದನ್ನು ಬಿ-ಫ್ಲಾಟಿಗೆ ಇಳಿಸಬೇಕು, ಎಂದರೆ 75.8ಕ್ಕೆ ತಿರುಗಿಸಬೇಕು ಎನ್ನುತ್ತಾರೆ. 80ರ ರೂಢಿಯಿದ್ದ ಕಂಪೆನಿಗಳ ನೆನಪಿನಿಂದ ನಾನು 80.3 ಎನ್ನುತ್ತೇನೆ. ಹಾಗೆ ಮಾಡಿದರೆ ಅದು ಬಿ ಮೇಳಕ್ಕೆ ಸರಿಯಾಗಿ ಏರುತ್ತದೆ. ಬೆರಳಿನ ಮಾತಿಗೆ ನನ್ನಲ್ಲಿ ಉತ್ತರವಿಲ್ಲವೆಂಬುದು ನಿಜ. ಹಿರಿಯರು ಇಬ್ಬರೂ ತಪ್ಪು ಎಂದು ಮೂರನೆಯದೊಂದನ್ನು ತೆಗೆದಿದ್ದಾರೆ. ಆ ಕಾಲದಲ್ಲಿ ಬ್ಯಾಂಡಿನವರ ಬಳಿ, 440ಕ್ಕೆ ಬದಲಾಗಿ 452ರಿಂದ 457ರವರೆಗೆ ಏರಿಸಿ ಮಾಡಿದ ಹಳೆಯ ‘ಮೇಲುಶ್ರುತಿ’ಯ ವಾದ್ಯಗಳು ಇನ್ನೂ ಉಳಿದಿದ್ದುವು. ಅಂಥ ವಾದ್ಯದಲ್ಲಿ ಬಿ-ಫ್ಲಾಟ್ ನುಡಿಸಿದರೆ 78ರಲ್ಲಿಯೇ ಎಲ್ಲವೂ ಸರಿಹೊಂದುತ್ತದೆ! ತಟ್ಟೆ ಕಹಳೆಯ ಕಾಲದ್ದಾದುದರಿಂದ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯ ಸಾಕ್ಷ್ಯವೂ ಇಲ್ಲ. ಇನ್ನೊಂದು ಪ್ರತಿ ಎಲ್ಲಿಯಾದರೂ ಪೂರ್ಣ ಚೀಟಿಯೊಡನೆ ಸಿಕ್ಕುವವರೆಗೆ, ಪ್ರತಿ ಭಾನುವಾರ ಅದನ್ನು ಮೂರು ವೇಗಗಳಲ್ಲಿಯೂ ಒಂದೊಂದು ಸಲ ಹಾಕುತ್ತಿದ್ದೇವೆ.